ಮೈಸೂರಿನಲ್ಲಿ ಕಂಪ್ಯೂಟರ್ ಓದು: ಕೋಟೆ ಸೀಮೆಯಿಂದ ಒಂದು ಉತ್ತರ

ಹನ್ನೆರಡನೆಯ ತರಗತಿ ಮುಗಿಸಿದ ಮಗಳನ್ನು ಮೈಸೂರಿನಲ್ಲಿ ಐಟಿ ಓದಿಸಬೇಕೆಂದು ಅಕ್ಕಲಕೋಟೆಯಿಂದ ಬರೆದಿದ್ದೀರಿ. ಇಲ್ಲಿನ ಕಾಲೇಜುಗಳ ಪಟ್ಟಿಯಲ್ಲಿ ಐಟಿ ಎಂಬ ಶಾಖೆಯೇ ಕಾಣುತ್ತಿಲ್ಲ, ಅದರ ಬದಲು ಸಿಎಸ್ (ಗಣಕ ವಿಜ್ಞಾನ), ಐಎಸ್, ಎಐಎಂಎಲ್ (ಕೃತಕ ಬುದ್ಧಿಮತ್ತೆ ಮತ್ತು ಯಂತ್ರ ಕಲಿಕೆ), ಡೇಟಾ ಸೈನ್ಸ್, ಬಿಸಿಎ (ಕಂಪ್ಯೂಟರ್ ಪದವಿ) ಎಂದು ಸಾಲುಸಾಲು ಹೆಸರುಗಳಿವೆ, ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ನಾನು, ನಾವು ಬರೀ ಕೋಟೆ ಎಂದು ಕರೆಯುವ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಕಡೆಯವಳು. ನಿಮ್ಮದು ಮಹಾರಾಷ್ಟ್ರದ ಒಳಗಿರುವ ಕನ್ನಡದ ಊರು. ನಮ್ಮದು ಕಾಡು ದಾಟಿದರೆ ಕೇರಳ ಸಿಗುವ ಮೈಸೂರು ಜಿಲ್ಲೆಯ ಅಂಚು. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಎಂಸಿಎ ಎಂಬ ಸ್ನಾತಕೋತ್ತರ ಪದವಿ ಓದಿ ಈಗ ಮೈಸೂರಿನ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಪಾಠ ಮಾಡುತ್ತಿರುವುದರಿಂದ, ಪಿಯುಸಿ ಫಲಿತಾಂಶ ಬಂದ ವಾರದಿಂದ ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಸೀಟು ಹಂಚಿಕೆ ಮುಗಿಯುವವರೆಗೆ ಊರಿನವರು ನನ್ನ ಮುಂದಿಡುವ ಪ್ರಶ್ನೆಯೂ ಇದೇ ಆಗಿದೆ.

ಮೊದಲು ಹೆಸರಿನ ಗೊಂದಲ. ನಿಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಶಾಖೆಯಾಗಿ ಐಟಿ ಎನ್ನುವುದನ್ನು ಕರ್ನಾಟಕದಲ್ಲಿ ಇನ್ಫರ್ಮೇಷನ್ ಸೈನ್ಸ್, ಅಂದರೆ ಮಾಹಿತಿ ವಿಜ್ಞಾನ ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಅದು ಐಎಸ್. ಇಲ್ಲಿ ಐಟಿ ಎಂದರೆ ಓದಲ್ಲ, ಓದಿನ ನಂತರದ ನೌಕರಿ. ಹಳ್ಳಿಗಳಲ್ಲಂತೂ ಆ ಎರಡಕ್ಷರ ಕೇಳಿದೊಡನೆ ನೆನಪಾಗುವುದು ಐಟಿಐ. ನಾನು ಕಂಪ್ಯೂಟರ್ ಓದುತ್ತೇನೆಂದು ಹೇಳಿದಾಗ ನಮ್ಮ ಅಪ್ಪ, ‘ಐಟಿಐ ಆದ್ರೆ ಒಳ್ಳೇದೇ ಕಣವ್ವ, ಕರೆಂಟ್ ಕೆಲ್ಸನಾದ್ರೂ ಬತ್ತದೆ’ ಎಂದಿದ್ದರು. ನಮ್ಮ ಸೀಮೆಯಲ್ಲಿ ಕಣ್ಣಿಗೆ ಕಾಣುವ ತಾಂತ್ರಿಕ ವಿದ್ಯೆ ಅದೊಂದೇ ಆಗಿದ್ದರಿಂದ, ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ಶಾಖೆಗಳ ಮಾತು. ಮೈಸೂರು, ಮಂಡ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಮೊದಲ ವರ್ಷವನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಭಾಗ ಮಾಡಿ ಓದಿಸುತ್ತಾರೆ. ಶಾಖೆಯ ನಿಜವಾದ ಪಾಠಗಳು ಶುರುವಾಗುವುದು ಮೂರನೆಯ ಸೆಮಿಸ್ಟರಿನಲ್ಲಿ. ಅಲ್ಲಿಂದ ಮುಂದಿನ ಪಠ್ಯಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ದತ್ತಾಂಶ ರಚನೆ, ಡಿಸ್ಕ್ರೀಟ್ ಗಣಿತ, ಆಲ್ಗರಿದಮ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಇವೆಲ್ಲ ಸಿಎಸ್ ಮತ್ತು ಐಎಸ್ ಎರಡರಲ್ಲೂ ಇವೆ, ಎಐಎಂಎಲ್‌ನಲ್ಲೂ ಹೆಚ್ಚಿನವು ಇವೆ. ವ್ಯತ್ಯಾಸ ಉಳಿಯುವುದು ಕೊನೆಯ ಸೆಮಿಸ್ಟರುಗಳ ಕೆಲವು ವಿಷಯಗಳಲ್ಲಿ ಮತ್ತು ಆಯ್ಕೆಯ ಪತ್ರಿಕೆಗಳಲ್ಲಿ. ಹೀಗಿದ್ದೂ, ಸಿಎಸ್ ಸಿಕ್ಕವರ ಮನೆಯಲ್ಲಿ ಹಬ್ಬ, ಐಎಸ್ ಸಿಕ್ಕವರ ಮನೆಯಲ್ಲಿ ಮೌನ ಇರುವುದನ್ನು ನಾನು ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟಪಟ್ಟಿದ್ದೇನೆ. ಬಾಗಿಲ ಮೇಲಿನ ಹೆಸರನ್ನು ಬಿಟ್ಟು ಒಳಗಿನ ವಿಷಯಪಟ್ಟಿಯನ್ನು ನೀವು ಮತ್ತು ನಿಮ್ಮ ಮಗಳು ಒಂದು ಸಂಜೆ ಜೊತೆಯಲ್ಲಿ ಕುಳಿತು ಓದಬೇಕು ಎಂಬುದೇ ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು.

ಆ ಪಟ್ಟಿಯಲ್ಲಿರುವ ಒಂದು ವಿಷಯ ಎಂಥದೆಂದು ನಮ್ಮೂರಿನ ಕೆಲಸದಿಂದಲೇ ತೋರಿಸುತ್ತೇನೆ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಹಸಿರು ಎಲೆಯನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಮನೆಯೊಳಗೆ ಅಂತಸ್ತು ಅಂತಸ್ತಾಗಿ ಏರಿಸಿ, ಒಲೆ ಹೊತ್ತಿಸಿ ಬೇಯಿಸುತ್ತಾರೆ. ಏರಿಸುವಾಗ ಮೇಲಿನ ಅಂತಸ್ತಿನಿಂದ ಶುರುಮಾಡಬೇಕು, ಇಳಿಸುವಾಗ ಕೆಳಗಿನಿಂದ ಶುರುಮಾಡಬೇಕು. ಕೊನೆಗೆ ಏರಿಸಿದ ಕಡ್ಡಿ ಮೊದಲು ಹೊರಬರುತ್ತದೆ, ಮೊದಲು ಏರಿಸಿದ್ದು ಕೊನೆಗೆ. ಬಿಎಸ್ಸಿಯ ಎರಡನೆಯ ವರ್ಷದಲ್ಲಿ ಮೇಷ್ಟ್ರು ಸ್ಟ್ಯಾಕ್ ಎಂಬ ದತ್ತಾಂಶ ರಚನೆಯನ್ನು ಇಂಗ್ಲಿಷಿನಲ್ಲಿ ಮೂರು ಸಲ ವಿವರಿಸಿದರೂ ನನಗೆ ತಿಳಿಯಲಿಲ್ಲ. ರಜೆಯಲ್ಲಿ ಊರಿಗೆ ಹೋಗಿ, ಅಣ್ಣ ಬ್ಯಾರನ್ನಿನ ಮೇಲೆ ನಿಂತು ಕಡ್ಡಿ ಕೇಳುತ್ತಿದ್ದಾಗ ಕೆಳಗಿನಿಂದ ಒಂದೊಂದಾಗಿ ಎತ್ತಿ ಕೊಡುತ್ತಿದ್ದವಳಿಗೆ, ಮೇಷ್ಟ್ರು ಹೇಳಿದ್ದು ಇದನ್ನೇ ಎಂದು ಥಟ್ಟನೆ ಹೊಳೆಯಿತು. ಅಂದು ರಾತ್ರಿ ಲ್ಯಾಬ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬ್ಯಾರನ್ನಿನ ಚಿತ್ರ ಬರೆದು, ಪ್ರತಿ ಅಂತಸ್ತಿಗೆ ಒಂದೊಂದು ಅಂಕಿ ಕೊಟ್ಟು, ತುಂಬಿದ ಮೇಲೆ ಇನ್ನೊಂದು ಕಡ್ಡಿ ಬಂದರೆ ಏನಾಗಬೇಕು, ಖಾಲಿಯಾದ ಮೇಲೆ ಇಳಿಸಲು ಹೋದರೆ ಏನಾಗಬೇಕು ಎಂದು ಎರಡು ಷರತ್ತು ಬರೆದುಕೊಂಡೆ. ಸೋಮವಾರ ಲ್ಯಾಬಿನಲ್ಲಿ ಆ ಎರಡು ಷರತ್ತುಗಳ ಮೇಲೆಯೇ ನನ್ನ ಪ್ರೋಗ್ರಾಂ ನಿಂತಿತು. ಇಂದಿಗೂ ನಮ್ಮ ತಾಲ್ಲೂಕಿನ ಮಕ್ಕಳಿಗೆ ಸ್ಟ್ಯಾಕ್ ಪಾಠವನ್ನು ನಾನು ಬ್ಯಾರನ್ನಿನಿಂದಲೇ ಶುರುಮಾಡುತ್ತೇನೆ.

ಇದನ್ನು ಹೇಳಲು ಕಾರಣವಿದೆ. ಶಾಖೆಯ ಹೆಸರು ಎಐಎಂಎಲ್ ಆಗಿರಲಿ, ಡೇಟಾ ಸೈನ್ಸ್ ಆಗಿರಲಿ, ಇಂಥ ವಿಷಯಗಳು ಕೈಗೆ ಹತ್ತದೆ ಮುಂದಿನದು ಹತ್ತುವುದಿಲ್ಲ. ಕೃತಕ ಬುದ್ಧಿಮತ್ತೆಯ ಶಾಖೆಗಳಲ್ಲಿ ಇದರ ಮೇಲೆ ರೇಖಾ ಬೀಜಗಣಿತ, ಸಂಭಾವ್ಯತೆ, ಸಂಖ್ಯಾಶಾಸ್ತ್ರದ ಭಾರವೂ ಬೀಳುತ್ತದೆ. ಗಣಿತವೆಂದರೆ ಹಿಂಜರಿಯುವ ಮಗು, ಹೆಸರು ಹೊಸದೆಂಬ ಕಾರಣಕ್ಕೆ ಅಲ್ಲಿಗೆ ಸೇರಿ ಮೂರನೆಯ ಸೆಮಿಸ್ಟರಿನಲ್ಲಿ ಬಾಕಿ ವಿಷಯಗಳ ಹೊರೆ ಹೊತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಗಣಿತ ಇಷ್ಟಪಡುವ ಮಗುವಿಗಾದರೆ ಆ ಶಾಖೆಯನ್ನು ಧೈರ್ಯವಾಗಿ ಕೊಡಿಸಬಹುದು, ಆದರೆ ಸೇರುವ ಮುನ್ನ ಆ ಕಾಲೇಜಿನಲ್ಲಿ ಆ ವಿಷಯ ಕಲಿಸುವ ಕಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆಂದು ಕೇಳಲೇಬೇಕು. ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ತರಬೇತಿ ಕೇಂದ್ರಕ್ಕೆ ದೇಶದ ಎಲ್ಲ ಕಡೆಯಿಂದ ಹೊಸ ನೌಕರರು ಬರುತ್ತಾರೆ. ಅವರಲ್ಲಿ ಮೆಕ್ಯಾನಿಕಲ್, ಸಿವಿಲ್ ಓದಿದವರೂ ಇದ್ದು, ತಿಂಗಳುಗಟ್ಟಲೆ ಪ್ರೋಗ್ರಾಮಿಂಗ್ ಕಲಿತು ಕೆಲಸಕ್ಕೆ ಹೋಗುತ್ತಾರೆ. ಸಿಎಸ್ ತಪ್ಪಿ ಐಎಸ್ ಬಂದರೆ ಬಾಳೇ ಮುಗಿಯಿತೆಂದು ಅಳುವ ತಂದೆತಾಯಿಗೆ ನಾನು ಆ ಕ್ಯಾಂಪಸ್ಸಿನ ದಿಕ್ಕು ತೋರಿಸುತ್ತೇನೆ.

ಬಿಸಿಎ ಕೀಳೆಂಬ ಭಾವನೆ ನಿಮ್ಮಲ್ಲೂ ಇದ್ದಂತೆ ಕಂಡಿತು. ದಯವಿಟ್ಟು ಅದನ್ನು ಬಿಡಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿಸಿಎ ಇದೆ, ಗಣಿತದ ಜೊತೆಗೆ ಗಣಕ ವಿಜ್ಞಾನ ಓದುವ ಬಿಎಸ್ಸಿಯೂ ಇದೆ. ವಾಣಿಜ್ಯ ವಿಭಾಗದಿಂದ ಬಂದ ಮಕ್ಕಳೂ ಬಿಸಿಎ ಓದುತ್ತಾರೆ. ಅಂಥವರು ಮುಂದೆ ಎಂಸಿಎಗೆ ಹೋಗಬೇಕೆಂದಿದ್ದರೆ ಗಣಿತವನ್ನು ಮೊದಲಿನಿಂದಲೇ ಬಿಡದೆ ಇಟ್ಟುಕೊಳ್ಳುವುದು ಒಳ್ಳೆಯದು. ಎಂಸಿಎ ಈಗ ಎರಡು ವರ್ಷದ್ದು, ಅದಕ್ಕೆ ಪಿಜಿಸಿಇಟಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಇಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಹಿರಿಯ ವಿದ್ಯಾರ್ಥಿಗಳು ಬೇರೆ ಬೇರೆ ಲೆಕ್ಕ ಹೇಳಿದರೆ ಗಾಬರಿಯಾಗಬೇಡಿ. ಮೂರು ವರ್ಷ ಬಿಸಿಎ, ಎರಡು ವರ್ಷ ಎಂಸಿಎ, ಒಟ್ಟು ಐದು ವರ್ಷ. ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಯಾದ ಬಿಇಗಿಂತ ಒಂದು ವರ್ಷ ಹೆಚ್ಚು, ಆದರೆ ಖರ್ಚಿನಲ್ಲಿ ಕಡಿಮೆ. ನನ್ನ ದಾರಿಯೂ ಹೆಚ್ಚುಕಡಿಮೆ ಇದೇ ಆಗಿತ್ತು, ಅದಕ್ಕಾಗಿ ನಾನು ಎಂದೂ ಪಶ್ಚಾತ್ತಾಪ ಪಟ್ಟಿಲ್ಲ.

ನಮ್ಮ ಕಡೆಯ ಮಕ್ಕಳು ಕೋರ್ಸ್ ಆರಿಸುವಾಗ ಬಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದರೆ ಹೊರಗಿನವರಿಗೆ ಆಶ್ಚರ್ಯವಾಗುತ್ತದೆ. ಮೈಸೂರಿನಿಂದ ಗಡಿಯ ಬಾವಲಿಯ ಮೂಲಕ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಹಾದುಹೋಗುತ್ತದೆ, ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ, ಹುಲಿಗಳ ಹಾದಿಯನ್ನು ಕಾಯಲು ಅದು ಬೇಕು, ಅದರ ವಿರುದ್ಧ ನಾನು ಮಾತಾಡುವುದಿಲ್ಲ. ಆದರೆ ಮಧ್ಯಾಹ್ನದ ಲ್ಯಾಬ್ ಮುಗಿಸಿ ಮೈಸೂರಿನಿಂದ ಹೊರಟರೆ ಗೇಟು ಮುಚ್ಚುವ ಮೊದಲು ಬಾವಲಿ ಸೇರುವುದು ಆಗದ ಮಾತು. ಕಂಪ್ಯೂಟರ್ ಓದು ಮುಖ್ಯವಾಗಿ ಲ್ಯಾಬಿನ ಓದು, ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮಗುವಿಗೆ ಲ್ಯಾಬಿನ ಆ ಮೂರು ಗಂಟೆಯೇ ಸರ್ವಸ್ವ. ಆದ್ದರಿಂದ ಅಂಚಿನ ಊರುಗಳ ಮಕ್ಕಳು ಹಾಸ್ಟೆಲ್ ಸಿಕ್ಕರೆ ಮಾತ್ರ ಈ ಓದಿಗೆ ಬರುತ್ತಾರೆ, ಸಿಗದಿದ್ದರೆ ಲ್ಯಾಬ್ ಇಲ್ಲದ ಬಿಎ ಸೇರಿಬಿಡುತ್ತಾರೆ. ಕೋಟೆ ಪೇಟೆಯ ಸುತ್ತಮುತ್ತಲಿನ ಹುಡುಗಿಯರ ಸ್ಥಿತಿ ಸುಧಾರಿಸಿದೆ; 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಹಣವಿಲ್ಲ, ದಿನವೂ ಹೋಗಿ ಬರುವವರು ನನ್ನ ತರಗತಿಯಲ್ಲೇ ಇದ್ದಾರೆ. ನಿಮ್ಮ ಮಗಳು ದೂರದಿಂದ ಬರುವವಳಾದ್ದರಿಂದ ಸೀಟಿನಷ್ಟೇ ಗಂಭೀರವಾಗಿ ಹಾಸ್ಟೆಲನ್ನೂ ವಿಚಾರಿಸಿ.

ಸೀಟಿನ ವಿಚಾರದಲ್ಲಿ ನಿಮಗೊಂದು ಅನುಕೂಲವಿದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ, ಹಾಗೆಯೇ ಕೇರಳದ ಕಾಸರಗೋಡು ಮೊದಲಾದ ಪ್ರದೇಶಗಳ ಕನ್ನಡಿಗರ ಮಕ್ಕಳು ಗಡಿನಾಡು ಕನ್ನಡಿಗರೆಂದು ಕರ್ನಾಟಕದ ಸಿಇಟಿಯ ಮೂಲಕ ಸೀಟು ಕೇಳಬಹುದು. ಅವರಿಗೆ ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. 50 ಅಂಕದ ಪತ್ರಿಕೆ, 12 ಅಂಕ ಬಂದರೆ ಸಾಕು, ಪ್ರಶ್ನೆಗಳು ನಾಲ್ಕನೆಯ ತರಗತಿಯ ಮಟ್ಟದವು. ಮನೆಯಲ್ಲಿ ಕನ್ನಡ ಮಾತಾಡಿದರೂ ಮರಾಠಿ ಶಾಲೆಯಲ್ಲಿ ಓದಿದ ಮಗುವಿಗೆ ಬರವಣಿಗೆ ಕೈಕೊಡಬಹುದು, ಒಂದೆರಡು ತಿಂಗಳು ಒತ್ತಕ್ಷರ ಬರೆಸಿ. ವಾಸ ಮತ್ತು ವ್ಯಾಸಂಗದ ಪ್ರಮಾಣಪತ್ರಗಳ ನಮೂನೆಯನ್ನು ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯಲ್ಲಿ ನೋಡಿಯೇ ಮಾಡಿಸಿ. ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಒಂದೊಂದಕ್ಕೂ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಆ ಅಂಕವನ್ನೂ ಹನ್ನೆರಡನೆಯ ತರಗತಿಯ ಅಂಕವನ್ನೂ ಸಮಸಮವಾಗಿ ಸೇರಿಸುತ್ತಾರೆ.

ಅನಂತರ ಬರುವ ಆಪ್ಷನ್ ಎಂಟ್ರಿಯನ್ನು, ಅಂದರೆ ಬೇಕಾದ ಕಾಲೇಜು, ಶಾಖೆಗಳನ್ನು ಕ್ರಮವಾಗಿ ತುಂಬುವ ಕೆಲಸವನ್ನು, ಯಾರ ಕೈಗೂ ಕೊಡಬೇಡಿ. ನಮ್ಮ ಚಿಕ್ಕಪ್ಪನ ಮಗ ಅದನ್ನು ಒಂದು ಸೈಬರ್ ಸೆಂಟರಿನವರಿಗೆ ವಹಿಸಿದ. ಆ ಅಂಗಡಿಯವರು ತಮ್ಮಲ್ಲಿದ್ದ ಹಳೆಯ ಪಟ್ಟಿಯೊಂದನ್ನು ಹಾಗೆಯೇ ತುಂಬಿ, ಬೆಂಗಳೂರಿನ ದುಬಾರಿ ಕಾಲೇಜೊಂದನ್ನು ಮೈಸೂರಿನ ಕಾಲೇಜುಗಳಿಗಿಂತ ಮೇಲಿಟ್ಟಿದ್ದರು. ಯಂತ್ರವು ಮೇಲಿನಿಂದ ನೋಡುತ್ತಾ ಬಂದು ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ, ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವನಿಗೆ ಬೆಂಗಳೂರಿನ ಸೀಟು ಬಂತು; ಅಷ್ಟು ಹಣ ಕಟ್ಟಲಾಗದೆ ಆ ವರ್ಷ ಎಂಜಿನಿಯರಿಂಗನ್ನೇ ಬಿಟ್ಟ. ಪಟ್ಟಿಯ ಪ್ರತಿಯನ್ನು ಮನೆಗೆ ತಂದು ಒಂದು ಸಲ ಓದಿದ್ದರೆ ಅದು ತಪ್ಪುತ್ತಿತ್ತು, ಅದನ್ನು ನೆನೆದರೆ ಚಿಕ್ಕಪ್ಪನಿಗೆ ಇಂದಿಗೂ ಗಂಟಲು ಕಟ್ಟುತ್ತದೆ. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಬಂದ ದಿನ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಜಕ್ಕೂ ಬೇಕಾದುದು ಮೇಲೆ, ಆಮೇಲೆ ಬೇಕಾದುದು ಕೆಳಗೆ ಎಂದು ಸಾಲುಸಾಲಾಗಿ ಪರಿಶೀಲಿಸಿ.

ಇಂಗ್ಲಿಷಿನಲ್ಲಿ ಓದುವ ಬಗ್ಗೆ ನಿಮಗಿರುವ ಅಂಜಿಕೆ ನಮ್ಮ ಮಕ್ಕಳಿಗೂ ಇದೆ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಸೀಟಿನಲ್ಲಿ ಶೇಕಡಾ 5, ಗ್ರಾಮೀಣ ಶಾಲೆಯವರಿಗೆ ಶೇಕಡಾ 15 ಮೀಸಲಿದೆ. ಸೀಟು ಅದರಿಂದ ಸಿಗುತ್ತದೆ, ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಾಠ ಮಾತ್ರ ಅವರವರೇ ದಾಟಬೇಕಾದ ಹೊಳೆ. ನನ್ನ ವಿದ್ಯಾರ್ಥಿನಿಯೊಬ್ಬಳು ಪುಟವನ್ನು ನಡುವೆ ಮಡಿಚಿ, ಎಡಕ್ಕೆ ಪ್ರೋಗ್ರಾಂ, ಬಲಕ್ಕೆ ಪ್ರತಿ ಸಾಲು ಏನು ಮಾಡುತ್ತದೆಂದು ಕನ್ನಡದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಬಲಭಾಗ ಖಾಲಿಯಾಗತೊಡಗಿತು. ಆ ಪದ್ಧತಿಯನ್ನು ನಾನೀಗ ಎಲ್ಲರಿಗೂ ಹೇಳಿಕೊಡುತ್ತೇನೆ. ಎಂಜಿನಿಯರಿಂಗಿನಲ್ಲಿ ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಎಂಬ ಪತ್ರಿಕೆಗಳಿವೆ. ನಿಮ್ಮ ಮಗಳು ಮೊದಲನೆಯದನ್ನೇ ತೆಗೆದುಕೊಳ್ಳಲಿ.

ಕಾಲೇಜಿನ ಹೆಸರು ಕೇಳಿದ್ದೀರಿ. ಮೈಸೂರಿನಲ್ಲಿ 1946ರಲ್ಲಿ ಆರಂಭವಾದ ಎನ್ಐಇ ಇದೆ, 1963ರ ಎಸ್‌ಜೆಸಿಇ ಇದೆ, ಮಂಡ್ಯದಲ್ಲಿ 1962ರ ಪಿಇಎಸ್ ಇದೆ. ಮಂಡ್ಯ ಮೈಸೂರಿನಿಂದ ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಓಡಾಡಿ ಓದುವವರು ಬಹಳ ಮಂದಿ ಇರುವುದರಿಂದ ಅದನ್ನು ದೂರವೆಂದು ಪಟ್ಟಿಯಿಂದ ತೆಗೆಯಬೇಡಿ. ಮಗಳಿಗೆ ಗಣಿತ ಇಷ್ಟ, ಕನ್ನಡ ಓದುವುದೂ ಇಷ್ಟ ಎಂದು ಬರೆದಿರುವಿರಿ. ಹಾಗಿದ್ದರೆ ಮೈಸೂರಿನಲ್ಲಿ ಅವಳು ನೋಡಲೇಬೇಕಾದ ಇನ್ನೊಂದು ಜಾಗ, ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನ. 1969ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಭಾರತದ ಭಾಷೆಗಳ ಪಠ್ಯ ಮತ್ತು ಧ್ವನಿಯ ದತ್ತಾಂಶವನ್ನು ಕಂಪ್ಯೂಟರ್ ಬಳಕೆಗಾಗಿ ಸಂಗ್ರಹಿಸುವ ಕೆಲಸ ನಡೆಯುತ್ತಿದೆ. ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸಕ್ಕೆ ಭಾಷೆಯೂ ಗಣಿತವೂ ಎರಡೂ ಬಲ್ಲವರು ಬೇಕು, ಅಂಥವರು ನಮ್ಮಲ್ಲಿ ಇನ್ನೂ ಸಾಕಷ್ಟಿಲ್ಲ.

ಅವಳಿಗಾಗಿ ನಾನು ಪಟ್ಟಿ ಬರೆಯುವುದಾದರೆ, ಹಳೆಯ ಕಾಲೇಜುಗಳ ಸಿಎಸ್ ಮತ್ತು ಐಎಸ್ ಎರಡನ್ನೂ ಭೇದವಿಲ್ಲದೆ ಮೇಲಿಡುತ್ತೇನೆ, ಅಧ್ಯಾಪಕರು ಸರಿಯಾಗಿರುವ ಕಡೆಯ ಎಐಎಂಎಲ್ ಅನ್ನು ಅದರ ಕೆಳಗೆ, ಇವು ಯಾವುವೂ ಕೈಗೆಟುಕದಿದ್ದರೆ ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ ಅಥವಾ ಬಿಸಿಎ. ಪಟ್ಟಿ ಮುಗಿಸುವ ಮೊದಲು ರಜೆಯಿಲ್ಲದ ದಿನವೊಂದನ್ನು ನೋಡಿಕೊಂಡು ಅವಳನ್ನು ಕರೆತನ್ನಿ. ಮಧ್ಯಾಹ್ನ 2 ಗಂಟೆಗೆ ಲ್ಯಾಬ್ ತೆರೆದಿರುತ್ತದೆ; ಬಾಗಿಲ ಬಳಿ ನಿಂತು, ಎಷ್ಟು ಯಂತ್ರಗಳ ಮುಂದೆ ಮಕ್ಕಳು ಕುಳಿತಿದ್ದಾರೆ, ಅವರ ನಡುವೆ ಓಡಾಡಿ ಕಲಿಸುವವರು ಇದ್ದಾರೆಯೇ ಎಂಬುದನ್ನು ಅವಳೇ ನೋಡಲಿ.