ವೀಲ್‌ಚೇರ್ ಎಡಕ್ಕೆ ಎಳೆಯುತ್ತಿದ್ದರೆ
ಅಮ್ಮನ ವೀಲ್‌ಚೇರ್ ಎಡಕ್ಕೆ ಎಳೆಯುತ್ತದೆ, ಬ್ರೇಕೂ ಹಿಡಿಯುವುದಿಲ್ಲ ಅಂದಿರಲ್ಲ, ಗಾಳಿ ಟಯರ್ ಆದರೆ ಮೊದಲು ಗಾಳಿ ನೋಡಿ. ಒಂದರಲ್ಲಿ ಕಡಿಮೆಯಾದರೂ ಎರಡೂ ತೊಂದರೆ ಬರುತ್ತದೆ. ಎಷ್ಟು ಹಾಕಬೇಕು ಅಂತ ಟಯರಿನ ಬದಿಯಲ್ಲೇ ಬರೆದಿರುತ್ತದೆ, ಸೈಕಲ್ ಅಂಗಡಿಯಲ್ಲಿ ಹಾಕಿಸಬಹುದು. ಆಮೇಲೆ ಮುಂದಿನ ಸಣ್ಣ ಚಕ್ರ ನೋಡಿ. ಅದರ ಆಕ್ಸಲಿಗೆ ಕೂದಲು, ನೂಲು ಸುತ್ತಿ ಗಟ್ಟಿಯಾಗಿರುತ್ತದೆ, ಖಾಲಿ ಚೇರ್ ಮಗುಚಿ ಹಾಕಿ ಕತ್ತರಿಯಿಂದ ಕತ್ತರಿಸಿ ಎಳೆದು ತೆಗೆಯಿರಿ. ತೆಂಗಿನೆಣ್ಣೆ ಮಾತ್ರ ಬೇಡ, ಧೂಳು ಅಂಟಿ ಇನ್ನೂ ಜಾಸ್ತಿ ಬಿಗಿಯಾಗುತ್ತದೆ. ಗಾಳಿ ಹಾಕಿದ ಮೇಲೂ ಬ್ರೇಕ್ ಜಾರಿದರೆ, ಅದರ ಬೋಲ್ಟ್ ಸಡಿಲಿಸಿ, ಬ್ರೇಕನ್ನು ಟಯರಿನ ಹತ್ತಿರಕ್ಕೆ ಸ್ವಲ್ಪ ಸರಿಸಿ ಬಿಗಿ ಮಾಡಿ. ಬ್ರೇಕ್ ಹಾಕಿ ಖಾಲಿ ಚೇರ್ ದೂಡಿ ನೋಡಿ, ಚಕ್ರ ತಿರುಗಬಾರದು. ಅದು ಸರಿಯಾಗುವವರೆಗೆ ದಯವಿಟ್ಟು ಅಮ್ಮನನ್ನು ಅದರಲ್ಲಿ ಕೂರಿಸಬೇಡಿ. ಮತ್ತೆ, ಮನೆ ಮಲ್ಪೆ ಹತ್ತಿರ ಅಲ್ವಾ, ಉಪ್ಪುಗಾಳಿಗೆ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ, ಮಳೆಯಲ್ಲಿ ಒದ್ದೆಯಾದರೆ ಆವತ್ತೇ ಒಣಬಟ್ಟೆಯಲ್ಲಿ ಒರೆಸಿಡಿ.