ಹ್ಯಾಂಪ್‌ಸ್ಟೆಡ್‌ನ ನೀಲಿ ಫಲಕ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ಹ್ಯಾಂಪ್‌ಸ್ಟೆಡ್‌ನಲ್ಲಿ ಸಂಜೆ ಅಡ್ಡಾಡುವಾಗ ದೊಡ್ಡ ಮನೆಯೊಂದರ ಗೋಡೆಯ ಮೇಲೆ ದುಂಡನೆಯ ನೀಲಿ ಫಲಕ ಕಂಡೆ. ಗಾಯಕ, ನಟ ಪಾಲ್ ರೋಬ್ಸನ್ 1929–1930ರಲ್ಲಿ ಇಲ್ಲಿ ವಾಸವಾಗಿದ್ದರು ಎಂದಿತ್ತು. ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದವರು ಎಂದು ಅಳಿಯಂದಿರು ಹೇಳಿದರು. ಹಾಗಿದ್ದರೆ ಆ ಮಾತೇ ಅಲ್ಲಿ ಏಕಿಲ್ಲ? ಅಷ್ಟು ಕಡಿಮೆ ಕಾಲ ಇದ್ದ ಮನೆಗೂ ಫಲಕ ಹಾಕುತ್ತಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಫಲಕದಲ್ಲಿ ಇದ್ದುದನ್ನು ಓದಿ ಮುಂದೆ ಹೋಗದೆ, ಇಲ್ಲದ ಮಾತನ್ನೂ ಹುಡುಕಿದಿರಿ. ಅದಕ್ಕಾಗಿ ಮೊದಲು ನಿಮಗೆ ನಮಸ್ಕಾರ.

ಲಂಡನ್ನಿನಲ್ಲಿ ಈ ಪದ್ಧತಿ ಶುರುವಾದದ್ದು 1866ರಲ್ಲಿ. ವ್ಯಕ್ತಿ ತೀರಿಕೊಂಡು 20 ವರ್ಷವಾಗಿರಬೇಕು, ಅವರಿದ್ದ ಕಟ್ಟಡ ಇನ್ನೂ ಉಳಿದಿರಬೇಕು. ರೋಬ್ಸನ್ ತೀರಿಕೊಂಡದ್ದು 1976ರಲ್ಲಿ, ಫಲಕ ಬಂದದ್ದು 2002ರಲ್ಲಿ.

ಕಡಿಮೆ ಕಾಲ ಎಂದಿರಿ. ಫಲಕದ ಮೇಲಿನ ಆ ಎರಡು ಇಸವಿಗಳನ್ನೇ ನೋಡಿ. 1929ರಲ್ಲಿ ಸವಾಯ್ ಹೋಟೆಲಿನ ಊಟದ ಕೋಣೆಯ ಬಾಗಿಲಲ್ಲೇ ಅವರನ್ನು ತಡೆದರು, ಬಣ್ಣವೇ ಕಾರಣ. ಮರುವರ್ಷ ಅದೇ ಹೋಟೆಲಿಗೆ ಅಂಟಿಕೊಂಡ ಸವಾಯ್ ರಂಗಮಂದಿರದಲ್ಲಿ ಅವರು ಶೇಕ್ಸ್‌ಪಿಯರ್ ನಾಟಕದ ನಾಯಕ ಒಥೆಲೊ ಆಗಿ ನಿಂತರು. ಊಟಕ್ಕೆ ಬೇಡವಾದವರನ್ನು ನೋಡಲು ಜನ ಟಿಕೆಟ್ ಕೊಂಡು ಬಂದರು.

ಅವರ ತಂದೆ ಗುಲಾಮರಾಗಿ ಹುಟ್ಟಿ, ಹದಿಹರೆಯದಲ್ಲಿ ತಪ್ಪಿಸಿಕೊಂಡು ಬಂದು ಪಾದ್ರಿಯಾದವರು. ಮಗ ಕಾನೂನು ಓದಿ ನ್ಯೂಯಾರ್ಕಿನಲ್ಲಿ ವಕೀಲರೊಬ್ಬರ ಕಚೇರಿ ಸೇರಿದರೆ, ಕಪ್ಪು ಮನುಷ್ಯ ಹೇಳಿದ್ದನ್ನು ಬರೆದುಕೊಳ್ಳಲಾರೆ ಎಂದಳು ಅಲ್ಲಿನ ಶೀಘ್ರಲಿಪಿಗಾರ್ತಿ. ವಕೀಲಿ ಅಲ್ಲಿಗೆ ಮುಗಿಯಿತು. ಗುಲಾಮರು ತಲೆತಲಾಂತರದಿಂದ ಹಾಡಿಕೊಂಡು ಬಂದ ಪದಗಳನ್ನು 1925ರಲ್ಲಿ ಅವರು ವೇದಿಕೆಗೆ ತಂದರು. ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಬ್ರಹ್ಮಪುತ್ರೆಯನ್ನು ಕುರಿತು ಹಾಡಿದ್ದು ನಿಮಗೆ ನೆನಪಿರಬಹುದು. ಅದರ ಹಿಂದಿರುವುದು ರೋಬ್ಸನ್ ಕಂಠದಿಂದ ಹೆಸರಾದ ಮಿಸಿಸಿಪ್ಪಿ ನದಿಯ ಹಾಡು. ಆ ಹಾಡಿನಲ್ಲಿ ಬದುಕಿ ದಣಿದೆ, ಸಾಯಲು ಭಯ ಎನ್ನುವ ಸಾಲಿತ್ತು. ರೋಬ್ಸನ್ ಅದನ್ನು ತೆಗೆದು, ಸಾಯುವತನಕ ಹೋರಾಡುತ್ತಲೇ ಇರಬೇಕು ಎಂದು ಬದಲಿಸಿ ಹಾಡತೊಡಗಿದರು.

1950ರಲ್ಲಿ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಎಂಟು ವರ್ಷ ಕಡಲು ದಾಟುವಂತಿರಲಿಲ್ಲ. 1957ರ ಮೇ ತಿಂಗಳಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸಭಾಂಗಣದಲ್ಲಿ ಜನ ಸೇರಿದರು. ಹಾಡುವವರು ನ್ಯೂಯಾರ್ಕಿನಲ್ಲಿ, ದನಿ ಅಟ್ಲಾಂಟಿಕ್ ಸಾಗರದ ತಳದ ಟೆಲಿಫೋನ್ ತಂತಿಯಲ್ಲಿ ಹರಿದು ಬಂತು. ಅದೇ ವರ್ಷ ವೇಲ್ಸಿನ ಗಣಿ ಕಾರ್ಮಿಕರಿಗೂ ಹೀಗೆಯೇ ಹಾಡಿದರು. ಕಾರ್ಮಿಕರು ಈ ಕಡೆಯಿಂದ ತಿರುಗಿ ಹಾಡಿದ್ದು ತಂತಿಯಲ್ಲೇ ರೋಬ್ಸನ್ ಅವರನ್ನು ಮುಟ್ಟಿತು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

1960ರ ಒಂದು ಚಿತ್ರತುಣುಕನ್ನು ಮಗಳ ಮೊಬೈಲಿನಲ್ಲಿ ಖಂಡಿತ ನೋಡಿ. ಸಿಡ್ನಿಯ ಅಪೆರಾ ಹೌಸ್ ಇನ್ನೂ ಕಟ್ಟುತ್ತಿದ್ದ ಹೊತ್ತು. ಉದ್ದನೆಯ ಕೋಟು ತೊಟ್ಟ ರೋಬ್ಸನ್ ಕೆಲಸಗಾರರ ನಡುವೆ ನಿಂತು ಹಾಡುತ್ತಾರೆ; ಕೆಲವರು ಸಾರುವೆಯ ಮೇಲಿಂದಲೇ ಕೇಳುತ್ತಾರೆ. ಹಾಡುವಾಗ ಅವರ ಒಂದು ಅಂಗೈ ಕಿವಿಯ ಮೇಲಿರುತ್ತದೆ. ನಮ್ಮೂರ ಜಾತ್ರೆಯಲ್ಲಿ ಲಾವಣಿ ಹೇಳುತ್ತಿದ್ದ ಅಜ್ಜನೊಬ್ಬ ಕಿವಿಗೆ ಕೈಯೊತ್ತಿ ಏರುದನಿ ತೆಗೆಯುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆ ತುಣುಕು ನೋಡಿದ ದಿನ ರೋಬ್ಸನ್ ನನಗೆ ಪರದೇಶದವರಾಗಿ ಉಳಿಯಲಿಲ್ಲ.

ಹೋರಾಟದ ಮಾತು ಫಲಕದಲ್ಲಿ ಇರಬೇಕಿತ್ತೆಂದೇ ನನ್ನ ಅಭಿಪ್ರಾಯವೂ. ಗಾಯಕ, ನಟ ಎಂಬ ಎರಡೇ ಪದ ನನಗೂ ಸಾಲದು. ಆದರೆ ನೀವು ಹುಡುಕಿದ ಮಾತು ಬೇರೆ ಕಡೆ ಇದೆ. 1937ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಸ್ಪೇನಿನ ಯುದ್ಧದಿಂದ ನಿರಾಶ್ರಿತರಾದ ಮಕ್ಕಳಿಗಾಗಿ ನಡೆದ ಸಭೆಯಲ್ಲಿ, ಕಲಾವಿದ ಸ್ವಾತಂತ್ರ್ಯಕ್ಕಾಗಿ ಹೋರಾಡುವನೋ ಗುಲಾಮಗಿರಿಗಾಗಿಯೋ ಆರಿಸಿಕೊಳ್ಳಲೇಬೇಕು, ನಾನು ಆರಿಸಿಕೊಂಡಿದ್ದೇನೆ ಎಂದಿದ್ದರು. ನ್ಯೂಯಾರ್ಕ್ ಹೊರವಲಯದ ಹಾರ್ಟ್ಸ್‌ಡೇಲ್‌ನಲ್ಲಿರುವ ಅವರ ಸಮಾಧಿಯ ಮೇಲೆ ಅದೇ ಮಾತನ್ನು ಕೆತ್ತಿದ್ದಾರೆ.