ಕಾಕ್ಲಿಯರ್ ಇಂಪ್ಲಾಂಟ್ ಆನ್ ಆಗಿ ಎರಡು ತಿಂಗಳಾದರೂ ಕರೆದರೆ ಮಗು ತಿರುಗುತ್ತಿಲ್ಲ. ಮಿದುಳಿಗೆ ಶಬ್ದ ತಲುಪುತ್ತಿದೆಯಾ?

ಮಗಳಿಗೆ ಎರಡೂವರೆ ವರ್ಷ, ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಎಲೆಕ್ಟ್ರೋಡ್ ಅನ್ನುವ ಸಣ್ಣ ತುದಿಗಳನ್ನಿಟ್ಟು ನರಕ್ಕೆ ನೇರ ಕರೆಂಟಿನ ಸಂಕೇತ ಕೊಡುವ ಸಾಧನ) ಇದೆ, ಬಾಗಿಲು ದಡಾರ್ ಅಂದರೆ ಬೆಚ್ಚುತ್ತಾಳೆ, ಹೆಸರು ಹಿಡಿದು ಕರೆದರೆ ಮಾತ್ರ ತಿರುಗಲ್ಲ ಅಂತ ಬರೆದಿದ್ದೀರಿ. ನಾನು ಆಡಿಯಾಲಜಿಸ್ಟ್, ಕೇಳುವಿಕೆ ಪರೀಕ್ಷಿಸುವುದು ನನ್ನ ಕೆಲಸ. ಬೆಚ್ಚುತ್ತಿದ್ದಾಳೆ ಅಂದರೆ ಶಬ್ದ ತಲುಪುತ್ತಿರುವ ಹಾಗೇ ಕಾಣುತ್ತದೆ. ಅದರಲ್ಲಿ ಮಾತು ಯಾವುದು, ತನ್ನ ಹೆಸರು ಯಾವುದು ಅನ್ನುವುದನ್ನು ಅವಳ ಮಿದುಳು ಈಗಷ್ಟೇ ಕಲಿಯಲು ಶುರುಮಾಡಿದೆ. ಕಿವಿಯ ಲೆಕ್ಕದಲ್ಲಿ ಅವಳು ಎರಡು ತಿಂಗಳ ಕೂಸು.

ಒಳಕಿವಿಯಲ್ಲಿ ಶಬ್ದವನ್ನು ನರಕ್ಕೆ ದಾಟಿಸುವ ರೋಮಕೋಶಗಳು ಸುಮಾರು 3,500 ಇರುತ್ತವೆ. ಇಂಪ್ಲಾಂಟ್‌ನಲ್ಲಿ ಆ ಕೆಲಸಕ್ಕೆ ಇರುವುದು ಕಂಪನಿಗೆ ತಕ್ಕಂತೆ 12ರಿಂದ 22 ಎಲೆಕ್ಟ್ರೋಡ್. ಒಂದರ ಕರೆಂಟು ಪಕ್ಕದ್ದರ ಜಾಗಕ್ಕೂ ಹರಡುತ್ತದೆ. ಆದರೂ ಮಾತಿಗೆ ಇಷ್ಟು ಸಾಕಾಗುತ್ತದೆ: 1995ರಲ್ಲಿ ಸಂಶೋಧಕ ರಾಬರ್ಟ್ ಶಾನನ್ ಮತ್ತು ಸಂಗಡಿಗರು ಮಾತನ್ನು ಬರೀ ನಾಲ್ಕು ಆವರ್ತನ ಪಟ್ಟಿಗೆ (ಗಡಸಿನಿಂದ ಕೀರಲಿನವರೆಗೆ ನಾಲ್ಕೇ ಭಾಗ) ಇಳಿಸಿ ಕೇಳಿಸಿದರೂ, ಕಿವಿ ಸರಿಯಿದ್ದವರು ಹೆಚ್ಚುಕಮ್ಮಿ ಎಲ್ಲವನ್ನೂ ಹಿಡಿದರು. ಅದು ಸದ್ದಿಲ್ಲದ ಕೋಣೆಯಲ್ಲಿ, ಮದುವೆ ಛತ್ರದಲ್ಲಲ್ಲ. ಶಬ್ದದ ಉದ್ದ, ಜೋರಿನ ಏರಿಳಿತ ಚೆನ್ನಾಗಿ ದಾಟುತ್ತವೆ. ನಾದದ ಸೂಕ್ಷ್ಮ ಮಸುಕಾಗುತ್ತದೆ. ಹಾಗಾಗಿ ಬಳೆ–ಬಾಳೆ ವ್ಯತ್ಯಾಸ ಸಾಮಾನ್ಯವಾಗಿ ಸುಲಭ, ಹಲ್ಲಿ–ಹಳ್ಳಿ ಕಷ್ಟ. (ಕಿವಿ ನೆಟ್ಟಗಿರುವ ದೊಡ್ಡವರೇ ಎಷ್ಟೋ ಜನ ಇವೆರಡನ್ನು ಒಂದೇ ಮಾಡುತ್ತಾರೆ ಬಿಡಿ.)

ಇನ್ನು ಮಿದುಳು. ಇಂಪ್ಲಾಂಟ್ ಒಳಗೆ ಅಯಸ್ಕಾಂತ ಇರುವುದರಿಂದ ಎಂಆರ್‌ಐನಲ್ಲಿ ಮಲಗಿಸಿ ನೋಡುವುದು ತೊಡಕು. ನಾವು ಮಾಡುವುದು ಇಇಜಿ, ಅಂದರೆ ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುವುದು. ಮಗು ಅಮ್ಮನ ತೊಡೆಯ ಮೇಲೆ, ನೆತ್ತಿಗೆ ಅಂಟು ಹಚ್ಚಿದ ವೈರು, ಎದುರಿಗೆ ಸದ್ದು ತೆಗೆದ ಕಾರ್ಟೂನ್. ಸ್ಪೀಕರ್ 'ಬಾ, ಬಾ, ಬಾ' ಅನ್ನುತ್ತಲೇ ಇರುತ್ತದೆ. ನೂರಾರು 'ಬಾ'ಗಳ ಸರಾಸರಿ ತೆಗೆದಾಗ ಗೆರೆಯಲ್ಲಿ ಒಂದು ಉಬ್ಬು ಏಳುತ್ತದೆ, ಅದನ್ನು ಪಿ1 ಅಂತೀವಿ. ಆಗ ತಾನೇ ಹುಟ್ಟಿದ ಕೂಸಿನಲ್ಲಿ ಅದು ಸದ್ದಾದ ಸುಮಾರು 300 ಮಿಲಿಸೆಕೆಂಡಿಗೆ ಬರುತ್ತದೆ, ಮೂರು ವರ್ಷದ ಹೊತ್ತಿಗೆ 125ರ ಆಸುಪಾಸು, ದೊಡ್ಡವರಲ್ಲಿ 60. ಶಬ್ದವೇ ಕೇಳದೆ ಬೆಳೆದ ಮಗುವಿನಲ್ಲಿ ತಡವಾಗಿಯೇ ಉಳಿಯುತ್ತದೆ.

ಅಮೆರಿಕದ ಸಂಶೋಧಕಿ ಅನು ಶರ್ಮಾ ಅವರ ತಂಡ ಇದನ್ನೇ ಅಳೆಯಿತು. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳಲ್ಲಿ 6ರಿಂದ 8 ತಿಂಗಳಲ್ಲಿ ಪಿ1 ವಯಸ್ಸಿಗೆ ತಕ್ಕ ಜಾಗಕ್ಕೆ ಬಂತು. ಏಳು ವರ್ಷ ದಾಟಿದ ಮೇಲೆ ಮಾಡಿಸಿದವರಲ್ಲಿ ಬಹುಪಾಲು ಬರಲಿಲ್ಲ. ನಿಮ್ಮ ಮಗಳು ಒಳ್ಳೆಯ ದಡದಲ್ಲಿದ್ದಾಳೆ. ಎರಡು ತಿಂಗಳಿಗೇ ಫಲ ಕೇಳುವುದು ಆತುರ. ಸ್ವಿಚ್ ಆನ್ ಆದ ಕ್ಷಣವೇ ಕಣ್ಣರಳಿಸಿ ನಗುವ ವಿಡಿಯೊಗಳನ್ನು ಮನೆಯವರು ನೋಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿ, ತುಟಿ ನೋಡಿದರೆ ಕಿವಿ ಸೋಮಾರಿಯಾಗುತ್ತೆ ಅಂತ ಯಾರೋ ಹೇಳಿದರು ಅಂದಿರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೇಳುವ ಜಾಗವನ್ನು ಕಣ್ಣು ಕಬಳಿಸಿಬಿಡುತ್ತದೆ ಅನ್ನುವ ಭಯ ಈ ಕ್ಷೇತ್ರದಲ್ಲಿ ಬಹಳ ಕಾಲ ಇತ್ತು. ಆದರೆ 2017ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಇಂಪ್ಲಾಂಟ್ ಮಾಡಿಸಿಕೊಂಡ ವಯಸ್ಕರ ತಲೆಗೆ ಅತಿಗೆಂಪು ಬೆಳಕು ಹಾಯಿಸಿ, ಮಿದುಳು ಹೇಗೆ ಸ್ಪಂದಿಸುತ್ತದೆ ಅಂತ ನೋಡಿದರು. ಇಂಪ್ಲಾಂಟ್ ಆದ ಮೇಲೆ ಯಾರ ಶ್ರವಣ ಭಾಗ ಬರೀ ತುಟಿ ಚಲನೆಗೂ ಹೆಚ್ಚು ಸ್ಪಂದಿಸತೊಡಗಿತೋ, ಅವರೇ ಮಾತನ್ನು ಚೆನ್ನಾಗಿ ಹಿಡಿಯುತ್ತಿದ್ದರು. ಅದು ವಯಸ್ಕರ ಮಾತು, ನಿಜ. ಆದರೂ ಮಗುವಿನಿಂದ ಮುಖ ಮರೆಸಲು ನನಗೆ ಕಾರಣ ಕಾಣುವುದಿಲ್ಲ. ಎದುರು ಕೂತು ಮಾತಾಡಿ, ಆಟದ ನಡುವೆ ಆಗಾಗ ಹಿಂದಿನಿಂದಲೂ ಕರೆಯಿರಿ.

ಪಿ1 ಎಲ್ಲ ಕಡೆ ಮಾಡುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥಲ್ಲಿ ವಿಚಾರಿಸಿ. ಅದಕ್ಕಿಂತ ಮೊದಲು, ಇಂಪ್ಲಾಂಟಿನ ಕರೆಂಟಿನ ಮಟ್ಟ ಹೊಂದಿಸುವ ಮುಂದಿನ ಮ್ಯಾಪಿಂಗ್‌ನಲ್ಲಿ ಪ್ರೊಸೆಸರ್ (ಹೊರಗೆ ತೊಡುವ ಭಾಗ) ದಿನಕ್ಕೆ ಎಷ್ಟು ಗಂಟೆ ಆನ್ ಇತ್ತು ಅನ್ನುವ ದಾಖಲೆ ತೆಗೆಸಿ ನೋಡಿ. ಸ್ನಾನ, ನಿದ್ದೆ ಬಿಟ್ಟು ಉಳಿದ ಹೊತ್ತೆಲ್ಲ ಅದು ತಲೆಯ ಮೇಲಿರಬೇಕು. ಬಾಗಿಲ ಸದ್ದಿಗೂ ಬೆಚ್ಚುವುದು ನಿಂತರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹೋಗಿ.